ಕಾಕಾನ ಅಂಗಡಿಯ ಆಟದ ಪೆಟ್ಟಿಗೆ

ಬೆಳಗಾವಿಯಿಂದ ಗಡಹಿಂಗ್ಲಜಕ್ಕೆ ಹೋಗುವವರು ಹೆದ್ದಾರಿಯಲ್ಲಿ ಸಂಕೇಶ್ವರದವರೆಗೆ ಹೋಗಿ ಎಡಕ್ಕೆ ತಿರುಗಬೇಕು. ಸ್ವಲ್ಪ ದೂರದಲ್ಲೇ ಕರ್ನಾಟಕ ಮುಗಿದು ಮಹಾರಾಷ್ಟ್ರ ಆರಂಭವಾಗುತ್ತದೆ. ಗಡಿ ದಾಟಿದ್ದು ಅಂಗಡಿಗಳ ಫಲಕಗಳಿಂದ ತಿಳಿಯುತ್ತದೆಯೇ ಹೊರತು ಜನರ ಮಾತಿನಿಂದಲ್ಲ. ಹಿರಣ್ಯಕೇಶಿ ನದಿಯ ದಂಡೆಯ ಈ ಊರಿನಲ್ಲಿ ಬೆಲ್ಲ, ಮೆಣಸಿನಕಾಯಿಗಳ ಚೌಕಾಶಿ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುವುದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ.

ಕಳೆದ ಚಳಿಗಾಲದಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೋದದ್ದು ಕಾಕಾ ಫೋನ್ ಮಾಡಿ ಕರೆದಿದ್ದರಿಂದ. ಪೇಟೆಯಲ್ಲಿದ್ದ ಅವರ ಅಂಗಡಿಯನ್ನು ಬಾಡಿಗೆಗೆ ಕೊಡುವುದು ನಿಶ್ಚಯವಾಗಿತ್ತು. ಹಿಂದೆ ಅದು ಎಸ್.ಟಿ.ಡಿ. ಬೂತ್ ಆಗಿತ್ತು. ಫೋನಿನ ಗಾಜಿನ ಗೂಡು ಹೋಗಿ ಎಷ್ಟೋ ವರ್ಷವಾಯಿತು. ಆದರೆ ಹಿಂದಿನ ಕೋಣೆಯಲ್ಲಿ, ಗೋಣಿಚೀಲದ ಕೆಳಗೆ, ಆಳೆತ್ತರದ ಪ್ಲೈವುಡ್ ಪೆಟ್ಟಿಗೆಯೊಂದು ಹಾಗೆಯೇ ನಿಂತಿತ್ತು. ಅದರ ಪಕ್ಕದಲ್ಲಿ ಒಂದು ಮರದ ಸ್ಟೂಲು.

1995ರಲ್ಲಿ ಕಾಕಾ ಸಾಲ ಮಾಡಿ ತಂದಿದ್ದ ವೀಡಿಯೊ ಗೇಮ್ ಅದು. ಒಂದು ರೂಪಾಯಿ ನಾಣ್ಯ ಹಾಕಿದರೆ ಒಂದು ಆಟ. ಆಟದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್'. ಅಮೆರಿಕದ ಮಾರ್ಕ್ ಶುಲ್ಟ್ಸ್ ಬರೆದ ಕಾಮಿಕ್ಸ್ ಕಥೆಯನ್ನು ಆಧರಿಸಿ ಜಪಾನಿನ ಕ್ಯಾಪ್ಕಾಮ್ ಕಂಪನಿ ಇದನ್ನು 1993ರಲ್ಲಿ ತಯಾರಿಸಿತ್ತು. ಅಷ್ಟುದ್ದದ ಹೆಸರು ನಮ್ಮ ಕಡೆ ಯಾವ ಹುಡುಗನ ಬಾಯಲ್ಲೂ ಹೊರಳಲಿಲ್ಲ. ಆಟದ ನಾಲ್ವರು ವೀರರಲ್ಲಿ ಹಳದಿ ಟೊಪ್ಪಿಗೆಯ ಒಬ್ಬನ ಹೆಸರು ಮುಸ್ತಫಾ. ಹಾಗಾಗಿ ಗಡಹಿಂಗ್ಲಜದಲ್ಲಿ ಮಾತ್ರವಲ್ಲ, ಭಾರತದ ಎಷ್ಟೋ ಊರುಗಳಲ್ಲಿ ಅದು 'ಮುಸ್ತಫಾ ಗೇಮ್' ಎಂದೇ ಹೆಸರಾಯಿತು.

ಈಗ ಗುಜರಿಯವನು ಅದಕ್ಕೆ ಒಂಬೈನೂರು ರೂಪಾಯಿ ಹೇಳಿದ್ದ. ಕಾಕಾನಿಗೆ ಕೊಡಲು ಮನಸ್ಸಿಲ್ಲ, ರಿಪೇರಿ ಮಾಡಿಸಿ ಮನೆಯ ಪಡಸಾಲೆಯಲ್ಲಿ ಇಡಬೇಕೆಂಬ ಆಸೆ. ಕಾಕುವಿನದು ಒಂದೇ ಮಾತು:

"ನನ್ನ ಮಗನ್ನ ತಿಂದದ್ದು ಅದ. ಅದನ್ನ ಮನಿಯೊಳಗ ತಂದ್ರ ನಾ ಹೊರಗ ಹೋಗ್ತೀನಿ."

ಇದು ಹೊಸ ಮಾತಲ್ಲ. ಅವರ ಮಗ, ಅಂದರೆ ನಮ್ಮ ತಮ್ಮ, 1998ರಲ್ಲಿ ಹತ್ತನೆಯ ತರಗತಿ ನಪಾಸಾಗಿ ಇಚಲಕರಂಜಿಯ ಮಗ್ಗಕ್ಕೆ ದುಡಿಯಲು ಹೋದ. ಆಟದ ಚಟದಿಂದ ಹುಡುಗ ಕೆಟ್ಟ ಎಂಬುದು ನಮ್ಮ ಬಳಗದಲ್ಲೆಲ್ಲ ನಂಬಿದ ಸಂಗತಿ. ನಿಜ ಹೇಳಬೇಕೆಂದರೆ, ನಮ್ಮ ಮಕ್ಕಳಿಗೆ ಮೊಬೈಲ್ ಬಿಡಿಸಲು ನಾವೂ ಅವನ ಉದಾಹರಣೆಯನ್ನೇ ಕೊಟ್ಟಿದ್ದೆವು.

ಎರಡೂ ಕಡೆ ಮಾತು ನಿಂತಿತ್ತು. "ಮೊದಲು ಇದು ರಿಪೇರಿ ಆಗುತ್ತದೋ ಇಲ್ಲವೋ ಕೇಳೋಣ, ಆಮೇಲೆ ತಮ್ಮನನ್ನೂ ಕೇಳೋಣ" ಎಂದು ಹೇಳಿ, ಪೆಟ್ಟಿಗೆಯೊಳಗಿನ ಬೋರ್ಡನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಕೊಲ್ಹಾಪುರಕ್ಕೆ ಹೊರಟೆವು. ಪಿಕ್ಚರ್ ಟ್ಯೂಬನ್ನು ಮುಟ್ಟಲೇಬೇಡಿ ಎಂದು ಅಲ್ಲಿಯ ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ್ದರು. ಇಂಥ ಟ್ಯೂಬಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಮನೆಯಲ್ಲಿ ಹಳೆಯ ಟಿ.ವಿ. ಇಟ್ಟುಕೊಂಡವರು ಇದನ್ನು ನೆನಪಿಡುವುದು ಒಳ್ಳೆಯದು.

ಕೊಲ್ಹಾಪುರವೆಂದರೆ ನಮ್ಮ ಜನಕ್ಕೆ ಮಹಾಲಕ್ಷ್ಮಿ ಗುಡಿ, ಚಪ್ಪಲಿ, ರಂಕಾಳ ಕೆರೆ, ಖಾರದ ರಸ್ಸಾ. ಆದರೆ ಅದು ಯಂತ್ರಗಳನ್ನು ಬಿಚ್ಚಿ ಕಲಿತವರ ಊರೂ ಹೌದು. ಅಲ್ಲಿಯ ಆನಂದರಾವ್ ಮತ್ತು ಬಾಬುರಾವ್ ಪೇಂಟರ್ ಎಂಬ ಸೋದರಸಂಬಂಧಿಗಳು ಮುಂಬಯಿಯಿಂದ ಹಳೆಯ ಪ್ರೊಜೆಕ್ಟರೊಂದನ್ನು ತಂದು, ಅದನ್ನು ಅಭ್ಯಾಸ ಮಾಡಿ, ತಾವೇ ಸಿನಿಮಾ ಕ್ಯಾಮರಾ ಮಾಡಲು ಹೊರಟರು. 1916ರಲ್ಲಿ ಆನಂದರಾವ್ ತೀರಿಕೊಂಡರೂ ಬಾಬುರಾವ್ ಬಿಡದೆ ಅದನ್ನು ಮುಗಿಸಿದರು. 1920ರ 'ಸೈರಂಧ್ರಿ' ಎಂಬ ಮೂಕಿಚಿತ್ರ ಅವರದೇ.

ದಾರಿಯಲ್ಲಿ ಖಾಸಬಾಗ್ ಕುಸ್ತಿ ಮೈದಾನದ ಪಕ್ಕದ ಕೇಶವರಾವ್ ಭೋಸಲೆ ನಾಟ್ಯಗೃಹದ ಹತ್ತಿರ ಗಾಡಿ ನಿಲ್ಲಿಸಿದೆವು. ಶಾಹೂ ಮಹಾರಾಜರು ಕಟ್ಟಿಸಿ 1915ರಲ್ಲಿ ಆರಂಭವಾದ ಈ ರಂಗಮಂದಿರ 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಆಹುತಿಯಾಯಿತು. ಮರುದಿನವೇ ಕೇಶವರಾವ್ ಅವರ ಹುಟ್ಟುಹಬ್ಬ. ಮೊದಲಿದ್ದ ಹಾಗೆಯೇ ಮತ್ತೆ ಕಟ್ಟಬೇಕೆಂದು ಕಲಾವಿದರು ಒತ್ತಾಯಿಸಿದರು. ಇಡೀ ಊರು ಪ್ರೀತಿಸಿದ ಕಟ್ಟಡಕ್ಕೆ 'ಬೇಕೋ ಬೇಡವೋ' ಎಂಬ ಪ್ರಶ್ನೆಯೇ ಇರುವುದಿಲ್ಲ. ಒಂದೇ ಮನೆಯಲ್ಲಿ ಒಬ್ಬರು ಪ್ರೀತಿಸಿ ಇನ್ನೊಬ್ಬರು ಶಪಿಸಿದ ವಸ್ತುವಿನದೇ ತೊಂದರೆ ಎಂದು ಗಾಡಿಯಲ್ಲಿ ಮಾತಾಡಿಕೊಂಡೆವು.

ಉದ್ಯಮನಗರದ ಕಡೆಯ ಒಂದು ಸಣ್ಣ ಅಂಗಡಿಯಲ್ಲಿ ಮೆಕ್ಯಾನಿಕ್ ಸಿಕ್ಕರು, ಅರವತ್ತು ದಾಟಿದವರು. ಬೋರ್ಡನ್ನು ತಿರುಗಿಸಿ ನೋಡಿ ನಕ್ಕುಬಿಟ್ಟರು. ಇದು ಕ್ಯಾಪ್ಕಾಮಿನ ಅಸಲಿ ಬೋರ್ಡ್ ಅಲ್ಲ, ನಕಲಿ. ಕಾಕಾನಿಗೆ ಇದು ಗೊತ್ತಿತ್ತೋ ಇಲ್ಲವೋ! ಆದರೆ ಅವರು ಹೇಳಿದ ಮಾತು ಕೇಳಿ ನಮಗೆ ಆಶ್ಚರ್ಯವಾಯಿತು. ಯಾರೂ ನಕಲು ಮಾಡಬಾರದೆಂದು ಕಂಪನಿಯವರು ಅಸಲಿ ಬೋರ್ಡಿನೊಳಗೆ ಒಂದು ಬ್ಯಾಟರಿ ಇಟ್ಟಿದ್ದರಂತೆ. ಆಟವನ್ನು ಓದಲು ಬೇಕಾದ ಗುಪ್ತ ಸಂಕೇತಕ್ಕೆ ಅದೇ ಜೀವ. ಬ್ಯಾಟರಿ ಸತ್ತರೆ ಸಂಕೇತ ಅಳಿಸಿಹೋಗಿ ಬೋರ್ಡೂ ನಿಲ್ಲುತ್ತದೆ. ಅಂಥವನ್ನು ಬದುಕಿಸುವ ಉಪಾಯವನ್ನು ಈಗ ಕಂಡುಹಿಡಿದಿದ್ದಾರೆ. ನಕಲು ಮಾಡಿದವರು ಆ ಬೀಗವನ್ನು ಮೊದಲೇ ಮುರಿದಿದ್ದರಿಂದ ನಮ್ಮದಕ್ಕೆ ಬ್ಯಾಟರಿಯ ಹಂಗೇ ಇರಲಿಲ್ಲ. ಅವರು ತಮ್ಮ ಮೇಜಿನ ಪರದೆಗೆ ಜೋಡಿಸಿ ಸ್ವಿಚ್ ಹಾಕಿದರು. ಗೆರೆಗೆರೆಯಾಗಿ, ಬಣ್ಣಗೆಟ್ಟು, ಆದರೂ ಡೈನೊಸಾರ್ ಕಾಣಿಸಿಕೊಂಡಿತು.

ಆಮೇಲೆ ಅವರು ಎರಡು ದಾರಿ ಹೇಳಿದರು. ಒಂದು, ಪೆಟ್ಟಿಗೆಯಲ್ಲಿ ಎಲ್.ಸಿ.ಡಿ. ಪರದೆ ಕೂಡಿಸಿ, ಅಂಗೈಯಗಲದ ಕಂಪ್ಯೂಟರ್ ಹಾಕುವುದು. ನೂರಾರು ಆಟ ಬರುತ್ತವೆ, ಖರ್ಚೂ ಕಡಿಮೆ. ಇನ್ನೊಂದು, ಹಳೆಯದನ್ನೇ ಸರಿಪಡಿಸುವುದು. ಉಬ್ಬಿದ ಕೆಪಾಸಿಟರುಗಳನ್ನು ಬದಲಿಸಬಹುದು, ಬೋರ್ಡನ್ನು ತೊಳೆದು ಬೆಸುಗೆ ಹಾಕಬಹುದು. ಟ್ಯೂಬ್ ಒಂದು ಹತ್ತಬೇಕು ಅಷ್ಟೆ. ಅದು ಸತ್ತಿದ್ದರೆ ಹೊಸದು ಸಿಗುವುದಿಲ್ಲ, ಯಾರದೋ ಹಳೆಯ ಟಿ.ವಿ.ಯಿಂದ ತೆಗೆಯಬೇಕು. ಎಲ್ಲ ಸೇರಿ ಹನ್ನೆರಡು ಹದಿಮೂರು ಸಾವಿರ. ಗುಜರಿಗೆ ಮಾತ್ರ ಸುಮ್ಮನೆ ಕೊಡಬೇಡಿ ಎಂದರು. ತಾಮ್ರದ ಸುರುಳಿಗಾಗಿ ಟ್ಯೂಬ್ ಒಡೆಯುತ್ತಾರೆ, ಆ ಗಾಜಿನಲ್ಲಿ ಸೀಸ ಇರುತ್ತದೆ, ಕೊಡುವುದಾದರೆ ಇ-ತ್ಯಾಜ್ಯ ತೆಗೆದುಕೊಳ್ಳುವ ಪರವಾನಗಿ ಇದ್ದವರಿಗೇ ಕೊಡಿ ಎಂದರು.

ಕೊಲ್ಹಾಪುರದಿಂದ ಇಚಲಕರಂಜಿ ಸುಮಾರು 30 ಕಿಲೋಮೀಟರ್. ಊರು ಇನ್ನೂ ಕಾಣುವ ಮೊದಲೇ ಮಗ್ಗಗಳ ಖಟಖಟ ಕೇಳಿಸುತ್ತದೆ. 1904ರಲ್ಲಿ ವಿಠ್ಠಲರಾವ್ ದಾತಾರ್ ಎಂಬವರು ಇಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದರು. ಆಮೇಲೆ ಅದು 'ಮಹಾರಾಷ್ಟ್ರದ ಮ್ಯಾಂಚೆಸ್ಟರ್' ಅನ್ನಿಸಿಕೊಂಡಿತು. ಈಗ ಲಾಳಿಯ ಹಳೆಯ ಮಗ್ಗಗಳನ್ನು ಕಿತ್ತು ತೂಕಕ್ಕೆ ಮಾರಿ, ಲಾಳಿಯಿಲ್ಲದ ವೇಗದ ಯಂತ್ರಗಳನ್ನು ತರುತ್ತಿದ್ದಾರೆ. ನಮ್ಮ ತಮ್ಮ ದುಡಿಯುವ ಶೆಡ್ಡಿನಲ್ಲೂ ಅರ್ಧ ಜಾಗ ಖಾಲಿಯಾಗಿತ್ತು. ಅವನೀಗ ಅಲ್ಲಿ ಜಾಬರ್, ಎಂದರೆ ಕೆಟ್ಟ ಮಗ್ಗ ಸರಿಮಾಡುವವನು.

ಒಳಗೆ ಮಾತು ಕೇಳಿಸದು. ಹೊರಗೆ ಚಹಾದ ಗಾಡಿಯ ಹತ್ತಿರ ನಿಂತು ವಿಷಯ ಹೇಳಿದೆವು. ಅವನು ಬಹಳ ಹೊತ್ತು ಲೋಟ ತಿರುಗಿಸುತ್ತ ನಿಂತ.

"ಆಟ ಆಡಿ ಕೆಟ್ಟ ಅಂತ ಅವ್ವ ಇಷ್ಟ ವರ್ಷ ಅಂದಕೋತ ಬಂದ್ಲು. ನಾ ಎಲ್ಲಿ ಆಡಿದ್ನಿ ಅಣ್ಣಾ? ಅಪ್ಪ ಬೂತ್‌ನ್ಯಾಗ ಬಿಲ್ ಹರೀತಿದ್ದ. ನಾ ಆ ಸ್ಟೂಲಿನ ಮ್ಯಾಲ ಕುಂತು ಹುಡುಗರಿಗೆ ಚಿಲ್ಲರ ಕೊಡ್ತಿದ್ನಿ. ಸಂಜೀ ಐದರಿಂದ ರಾತ್ರಿ ಹತ್ತರ ತನಕ. ಹತ್ತನೇತ್ತಾ ಇದ್ದಾಗೂ."

"ಮತ್ತ ಹೇಳಲಿಲ್ಲ ಯಾಕೋ?"

"ಸಾಲ ಇತ್ತಲ್ಲ ವೈನಿ. ಹೇಳಿದ್ರ ಅಪ್ಪ ಕುಗ್ಗತಿದ್ದ. ಈಗೂ ನೀವು ಹೇಳಬ್ಯಾಡ್ರಿ. ರಿಪೇರಿ ಮಾಡಸ್ರಿ ಅಂದ ಅಂತ ಅಷ್ಟ ಹೇಳ್ರಿ. ಎಲ್.ಸಿ.ಡಿ. ಮಾತ್ರ ಬ್ಯಾಡ. ಮಗ್ಗದ್ದೆಲ್ಲಾ ಬದಲ ಮಾಡಿ ಹಳೇ ಮಗ್ಗ ಅಂದ್ರ ಯಾರ ನಂಬತಾರು?"

ಗಡಹಿಂಗ್ಲಜಕ್ಕೆ ಹಿಂದಿರುಗಿ ನಾವು ಅಷ್ಟನ್ನೇ ಹೇಳಿದೆವು. ಉಳಿದದ್ದು ಗಂಟಲಲ್ಲೇ ಉಳಿಯಿತು. ಕಾಕು ನಂಬಲಿಲ್ಲ. "ಅಂವಾ ಬಂದು ಹೇಳ್ಲಿ" ಎಂದರು. ಮುಂದಿನ ರವಿವಾರ ಅವನೇ ಹೆಂಡತಿ ಮಗಳೊಡನೆ ಬಂದ. ನಾವೂ ಬೆಳಗಾವಿಯಿಂದ ಮತ್ತೆ ಹೋದೆವು.

ಅಂಗಡಿ ತೆರವು ಮಾಡುವಾಗ ಪೆಟ್ಟಿಗೆಯ ಕೆಳಗಿನ ನಾಣ್ಯದ ಡಬ್ಬಿಗೆ ಬೀಗ ಇದ್ದದ್ದು ಕಂಡಿತು. ಬೀಗದ ಕೈ ಎಂದೋ ಕಳೆದಿತ್ತು. ತಮ್ಮ ಒಂದು ತಂತಿ ಬಗ್ಗಿಸಿ ನಿಮಿಷದಲ್ಲಿ ತೆಗೆದ. ಒಳಗೆ ಜಂಗು ಹಿಡಿದ ಒಂದು ರೂಪಾಯಿ ನಾಣ್ಯಗಳು, ಜೊತೆಗೆ ಹುಡುಗರು ನಾಣ್ಯದ ಬದಲು ಹಾಕಿದ್ದ ಕಬ್ಬಿಣದ ವಾಷರುಗಳು. ಅವನ ಮಗಳು ನೆಲದ ಮೇಲೆ ಹರವಿ ಎಣಿಸಿದಳು. ನಲವತ್ತೊಂದು ರೂಪಾಯಿ, ಏಳು ವಾಷರು.

"ವಾಷರ್ ಹಾಕವ್ರನ್ನ ನಾ ಹಿಡಿತಿದ್ನಿ" ಎಂದು ತಮ್ಮ ನಕ್ಕ. "ಏಳು ಮಂದಿ ತಪ್ಪಿಸಿಕೊಂಡಾರ."

ಕಾಕಾ ನಗಲಿಲ್ಲ. ಸ್ಟೂಲಿನ ಮೇಲಿನ ಧೂಳನ್ನು ಕೈಯಿಂದ ಒರೆಸಿ, ಕಾಕುವಿನ ಕಡೆ ನೋಡದೆಯೇ ಹೇಳಿದರು: "ಇಂವಾ ಆಡಲಿಲ್ಲ. ಇವನ್ನ ಇಲ್ಲಿ ಕುಂಡ್ರಿಸಿದಾಂವ ನಾನು."

ಯಾರೂ ಮಾತಾಡಲಿಲ್ಲ. ಕಾಕು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತರು. ನಾವು ಸುಮ್ಮನೆ ಗೋಣಿಚೀಲ ಮಡಚುತ್ತಿದ್ದೆವು. ಅರ್ಧ ತಾಸಿನ ಮೇಲೆ ಅವರೇ ಒಳಗೆ ಬಂದು, ನಾಣ್ಯಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಗನಿಗೆ ಹೇಳಿದರು: "ಮಾಡಸ್ರಿ. ರೊಕ್ಕದ ಡಬ್ಬಿ ಮಾತ್ರ ಕಿತ್ತ ಒಗೀರಿ. ನಮ್ಮ ಮನ್ಯಾಗ ಆಡಾಕ ಯಾರೂ ರೊಕ್ಕ ಹಾಕೂದು ಬ್ಯಾಡ."

ಟ್ಯೂಬ್ ಹತ್ತದಿದ್ದರೆ ಏನು ಮಾಡುವುದೆಂದು ಕೇಳಿದೆವು. ಹತ್ತದಿದ್ದರೆ ಪೆಟ್ಟಿಗೆಯನ್ನು ಹಾಗೆಯೇ ಇಡುವುದು, ಟ್ಯೂಬನ್ನು ಪರವಾನಗಿ ಇದ್ದವರಿಗೆ ಕೊಡುವುದು ಎಂದು ಅಲ್ಲೇ ನಿಶ್ಚಯವಾಯಿತು. ತಮ್ಮ ಡಬ್ಬಿಯ ಸ್ಕ್ರೂ ಬಿಚ್ಚಿ ತೆಗೆದ. ಮಂಗಳವಾರ ಟೆಂಪೋದಲ್ಲಿ ಪೆಟ್ಟಿಗೆಯನ್ನು ಕೊಲ್ಹಾಪುರಕ್ಕೆ ಕಳಿಸುವುದಾಯಿತು, ಮುಂಗಡವೆಂದು ಎರಡು ಸಾವಿರ ಕಾಕಾ ಕೊಟ್ಟರು. ನಾವು ಪೇಟೆಯಲ್ಲಿ ಎರಡು ಕಿಲೋ ಮೆಣಸಿನಕಾಯಿ ತೆಗೆದುಕೊಂಡು ಸಂಕೇಶ್ವರದ ದಾರಿ ಹಿಡಿದೆವು. ಏಳು ವಾಷರುಗಳನ್ನು ತಮ್ಮ ಕಿಸೆಗೆ ಹಾಕಿಕೊಂಡು ಹೋದ, ಮಗ್ಗಕ್ಕೆ ಬರುತ್ತವಂತೆ.