ಮುಳ್ಳುಹಂದಿಯ ಮೇಲಿನ ಅಪವಾದ

ಮುಳ್ಳುಹಂದಿಯ ಮುಳ್ಳನ್ನು ಮನೆಯ ಹೊಸ್ತಿಲಲ್ಲಿ ಹುಗಿದರೆ ಆ ಮನೆಯಲ್ಲಿ ಜಗಳ ಹತ್ತಿಕೊಳ್ಳುತ್ತದೆ ಎಂದು ನಂಬುವವರು ನಮ್ಮ ಕಡೆ ಈಗಲೂ ಇದ್ದಾರೆ. ಈ ನಂಬಿಕೆಗೆ ಜಾತಿ, ಮತಗಳ ಭೇದವಿಲ್ಲ. ಉರ್ದುವಿನಲ್ಲಂತೂ ಜಗಳಕ್ಕೆ ಮೂಲವಾದ ವಸ್ತುವಿಗೆ ‘ಸೇಹಿ ಕಾ ಕಾಂಟಾ’ ಎಂಬ ಮಾತೇ ಇದೆ. ಸೇಹಿ ಎಂದರೆ ಮುಳ್ಳುಹಂದಿ. ಅಪಶಕುನವನ್ನು ನಂಬಬಾರದೆಂದು ಪ್ರವಾದಿಯವರು ಸ್ಪಷ್ಟವಾಗಿ ಹೇಳಿದ್ದಾರೆ. ಆದರೂ ಐದು ಹೊತ್ತು ನಮಾಝ್ ಮಾಡುವವರ ಮನೆಯಲ್ಲೇ ಈ ಮುಳ್ಳಿನ ಭಯವನ್ನು ನಾನು ಕಂಡಿದ್ದೇನೆ.

ಅಫಜಲಪುರ ತಾಲೂಕಿನಲ್ಲಿ ಭೀಮಾ ದಂಡೆಗೆ ನನ್ನ ಇಬ್ಬರು ಚಾಚಾಗಳ ಹೊಲವಿದೆ. ರಮಝಾನಿಗೆ ಮುಂಚೆ ಸುಣ್ಣ ಹಚ್ಚುವಾಗ ಹೊಸ್ತಿಲ ಸಂದಿಯಲ್ಲಿ ದೊಡ್ಡ ಚಾಚಿಗೆ ಒಂದು ಮುಳ್ಳು ಸಿಕ್ಕಿತು. ಗೇಣುದ್ದ, ಕಪ್ಪು ಬಿಳುಪು ಪಟ್ಟೆ. ಅವರು ನೇರ ಸಣ್ಣ ಚಾಚಿಯ ಮೇಲೆ ಆರೋಪ ಹೊರಿಸಿದರು. ಆಕೆಯ ತವರು ಜೇವರ್ಗಿ ಕಡೆ. ಅಲ್ಲಿಂದ ಮಾಟ ಮಾಡಿಸಿ ತಂದಿದ್ದಾಳೆ ಎಂದುಬಿಟ್ಟರು. ಅಳುತ್ತಾ ಇಬ್ಬರು ಮಕ್ಕಳೊಂದಿಗೆ ತವರಿಗೆ ಹೋದ ಆಕೆ ಆ ವರ್ಷ ಈದ್‌ಗೂ ಬರಲಿಲ್ಲ.

ಅಸಲಿಗೆ ಜಗಳ ಎರಡು ವರ್ಷ ಹಿಂದಿನದು. ದಾದಾ ಹೊಲವನ್ನು ಬಾಯಿಮಾತಿನಲ್ಲಿ ಹಂಚಿದ್ದರು, ಪಹಣಿಯಲ್ಲಿ ಮಾತ್ರ ಎಲ್ಲ ಜಂಟಿಯಾಗಿತ್ತು. ಹಳ್ಳದ ಪಕ್ಕದ ಬದು ಪ್ರತಿ ಮಳೆಗಾಲ ಒಂದಿಷ್ಟು ಸರಿಯುತ್ತಿತ್ತು. ಬಾವಿ ನೀರಿನ ಪಾಳಿಯಲ್ಲೂ ತಕರಾರು. ಇದನ್ನೆಲ್ಲ ಕುಳಿತು ಮಾತಾಡುವುದು ಕಷ್ಟ, ಸೊಸೆಯ ಮೇಲೆ ಹಾಕುವುದು ಸುಲಭ.

ನಾನು ಆಳಂದದಿಂದ ಹೋದಾಗ ರಾತ್ರಿ ಶೇಂಗಾ ಕಾಯುವ ಮುದುಕನನ್ನು ವಿಚಾರಿಸಿದೆ. ಆತ ನಕ್ಕ. “ಅಂಥವು ಹಳ್ಳದಾಗ ಬೇಕಾದಷ್ಟು ಬಿದ್ದಾವ್ರಿ ಸಾಹೇಬ್ರ. ಹುಡುಗ್ರು ಆಡಾಕ ತರ್ತಾವ,” ಎಂದ. ಮುಳ್ಳು ಬಾಣದಂತೆ ಹಾರಿಸುತ್ತದಂತಲ್ಲ ಎಂದರೆ, “ಸುಳ್ಳದು. ಸಿಟ್ಟು ಬಂದ್ರ ಬಾಲ ಝಲ್ ಝಲ್ ಅನಸ್ತದ, ಹಿಂದ್ಹಿಂದ ಬಂದು ಚುಚ್ಚತದ,” ಎಂದ. ಪ್ರಾಣಿಶಾಸ್ತ್ರದ ಪುಸ್ತಕಗಳೂ ಇದನ್ನೇ ಹೇಳುತ್ತವೆ. ಆ ಮುಳ್ಳು ಗಟ್ಟಿಯಾದ ಕೂದಲಷ್ಟೆ. ಹಳೆಯದು ಉದುರಿ ಹೊಸದು ಬರುತ್ತದೆ.

ಹೆಸರಿನಲ್ಲಿ ಹಂದಿ ಇರುವುದರಿಂದ ನಮ್ಮ ಮನೆಗಳಲ್ಲಿ ಅದರ ಬಗ್ಗೆ ಅಸಹ್ಯ ಇನ್ನೊಂದು ಪಾಲು ಹೆಚ್ಚು. ಆದರೆ ಅದು ಹಂದಿಯ ಕುಲವೇ ಅಲ್ಲ. ಇಲಿ, ಅಳಿಲುಗಳಂತೆ ಕಡಿದು ತಿನ್ನುವ ದಂಶಕ ಪ್ರಾಣಿ. ಬೆಳೆದ ಮುಳ್ಳುಹಂದಿ 11ರಿಂದ 18 ಕಿಲೋ ತೂಗುತ್ತದೆ. ಅದರ ದೂರದ ಬಂಧುಗಳು ದಕ್ಷಿಣ ಅಮೆರಿಕದ ಕಾಡುಗಳಲ್ಲಿವೆ. ಅಲ್ಲಿನ ಅಗೂಟಿ ಎಂಬ ಪ್ರಾಣಿ ಕಲ್ಲಿನಂಥ ಬ್ರೆಜಿಲ್ ನಟ್ ಕಾಯಿಯನ್ನು ಹಲ್ಲಿನಿಂದಲೇ ಕೊರೆದು ಒಡೆಯುತ್ತದೆ. ತಿಂದು ಮಿಕ್ಕ ಬೀಜಗಳನ್ನು ಅಲ್ಲಲ್ಲಿ ಹೂತಿಡುತ್ತದೆ, ಎಷ್ಟೋ ಬೀಜಗಳನ್ನು ಮತ್ತೆ ತೆಗೆಯುವುದೇ ಇಲ್ಲ. ಅವೇ ಮುಂದೆ ಮರವಾಗುತ್ತವೆ. ಈ ಬಂಧುಗಳ ಪೂರ್ವಿಕರು 4 ಕೋಟಿ ವರ್ಷಗಳಿಗೂ ಹಿಂದೆ ಆಫ್ರಿಕಾದಿಂದ ತೇಲುವ ಗಿಡಗಂಟಿಗಳ ಮೇಲೆ ಸಮುದ್ರ ದಾಟಿರಬೇಕೆಂದು ವಿಜ್ಞಾನಿಗಳ ಅಂದಾಜು. ನಮ್ಮ ಮುಳ್ಳುಹಂದಿ ಅಗೆದು ತಿನ್ನುವ ಶೇಂಗಾ, ಸಿಹಿಗೆಣಸು ಎರಡೂ ಅದೇ ಅಮೆರಿಕದಿಂದ ಬಂದ ಬೆಳೆಗಳು!

ಅದರ ಬಿಲದ ಬಾಯಲ್ಲಿ ಎಲುಬು ಕಂಡು ಹೆದರುವವರೂ ಇದ್ದಾರೆ. ಸುಣ್ಣದ ಅಂಶಕ್ಕಾಗಿ ಅದು ಸತ್ತ ಪ್ರಾಣಿಗಳ ಎಲುಬನ್ನು ಕಡಿಯುತ್ತದೆ, ಅಷ್ಟೆ. ನನಗೆ ಹೆಚ್ಚು ಆಶ್ಚರ್ಯವಾದದ್ದು ಅದರ ಸಂಸಾರ. ಗಂಡು ಹೆಣ್ಣು ಜೋಡಿ ಬಿಡದೆ ಒಂದೇ ಬಿಲದಲ್ಲಿ ಮರಿಗಳೊಂದಿಗೆ ಇರುತ್ತವೆ. ಮನೆ ಒಡೆಯುವ ಅಪವಾದ ಹೊರಿಸಲು ನಮಗೆ ಸಿಕ್ಕದ್ದು ಈ ಪ್ರಾಣಿ!

ಮುದುಕನ ಮಾತನ್ನು ನಾನು ಮನೆಯಲ್ಲಿ ಹೇಳಿದೆ. ದೊಡ್ಡ ಚಾಚಿ ಒಪ್ಪಲಿಲ್ಲ. ದೊಡ್ಡ ಚಾಚಾ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, “ಸರ್ವೆ ಮಾಡಿಸೋಣ” ಎಂದರು. ಆ ಬೇಸಿಗೆಯಲ್ಲಿ ಭೂಮಾಪಕರು ಬಂದು ಅಳೆದು ಕಲ್ಲು ನೆಟ್ಟರು, ಪಹಣಿ ಬೇರೆಯಾಯಿತು. ಸಣ್ಣ ಚಾಚಾ ಖುದ್ದಾಗಿ ಜೇವರ್ಗಿಗೆ ಹೋಗಿ ಹೆಂಡತಿ ಮಕ್ಕಳನ್ನು ಕರೆತಂದರು. ಒಲೆ ಈಗ ಎರಡು. ದೊಡ್ಡ ಚಾಚಿ ಈವರೆಗೆ ಮಾಫಿ ಕೇಳಿಲ್ಲ. ಈದ್ ದಿನ ಶೀರ್ ಖುರ್ಮಾ ಮಾತ್ರ ಮಗನ ಕೈಲಿ ಕಳಿಸುತ್ತಾರೆ.

ಮುಳ್ಳುಹಂದಿಗಳು ಹಳ್ಳದ ದಂಡೆಯಲ್ಲೇ ಇವೆ. ಇಬ್ಬರ ಶೇಂಗಾವನ್ನೂ ತಿನ್ನುತ್ತವೆ. ಬೇಲಿಗೆ ಕರೆಂಟ್ ಬಿಡುವ ಮಾತು ಒಮ್ಮೆ ಬಂದಿತ್ತು. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಕೊಲ್ಲುವುದು ಅಪರಾಧ, ಮೇಲಾಗಿ ಆ ದಾರಿಯಲ್ಲಿ ಮಕ್ಕಳು ಓಡಾಡುತ್ತಾರೆ ಎಂದು ಸಣ್ಣ ಚಾಚಿಯೇ ಬೇಡವೆಂದರು.