ಗುಡುಗುಮಳೆ ನೋಡಲು ಹೊರಡುವ ಮುನ್ನ

ಬೇಲೂರು ತಾಲ್ಲೂಕಿನ ಅರೇಹಳ್ಳಿಯಂಥ ಕಾಫಿ ಸೀಮೆಯಲ್ಲಿ ಮುಂಗಾರಿಗೆ ಮೊದಲಿನ ಗುಡುಗುಮಳೆಯ ಕಾಲ ಮಾರ್ಚ್‌ನಿಂದ ಮೇ ತಿಂಗಳವರೆಗೆ. ಬಿಸಿಲಿಗೆ ಕಾದ ನೆಲದಿಂದ ತೇವದ ಗಾಳಿ ಮೇಲೇರಿ, ಮಧ್ಯಾಹ್ನದ ನಂತರ ಮೋಡ ಗೋಪುರದಂತೆ ಬೆಳೆಯುತ್ತದೆ. ಅದನ್ನು ನೋಡಲು ಹೊರಡುವವರ ಫೋನಿನಲ್ಲಿ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ‘ದಾಮಿನಿ’ ಆ್ಯಪ್ ಇರಬೇಕು. ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ಅದರಲ್ಲಿ ಸಿಗುತ್ತದೆ. ಪವರ್ ಬ್ಯಾಂಕ್, ಟಾರ್ಚ್, ರೇನ್‌ಕೋಟ್ ಜೊತೆಗಿರಬೇಕು.

ಮಿಂಚಿದ 3 ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 1 ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಈ ಅಂತರ 30 ಸೆಕೆಂಡಿಗಿಂತ ಕಡಿಮೆಯಾದರೆ ಪಕ್ಕಾ ಕಟ್ಟಡವನ್ನೋ ಗಾಜು ಏರಿಸಿದ ಕಾರನ್ನೋ ಸೇರಬೇಕು. ತೋಟದ ಎತ್ತರದ ಸಿಲ್ವರ್ ಓಕ್ ಮರದಡಿ ನಿಲ್ಲಬಾರದು. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನು ಹೊರಬಾರದು. ಕೊನೆಯ ಗುಡುಗು ಕೇಳಿದ ಮೇಲೂ 30 ನಿಮಿಷ ಒಳಗೇ ಇರಬೇಕು.