ಶಿಡ್ಲಘಟ್ಟದಷ್ಟು ಊರು, ಐದು ಸಲ ಯುರೋಪಿನ ಚಾಂಪಿಯನ್

ಕಲೋನ್, ಜರ್ಮನಿ
17 ಜೂನ್ 2025

ಪ್ರೀತಿಯ ಅಣ್ಣ,

ಶನಿವಾರ, ಭಾನುವಾರ ಎರಡೂ ದಿನ ಇಲ್ಲಿ ಹ್ಯಾಂಡ್‌ಬಾಲ್ ನೋಡಿದೆ. ನಿನ್ನೆ ಗುಮ್ಮರ್ಸ್‌ಬಾಖ್ ಅನ್ನುವ ಸಣ್ಣ ಊರಿಗೆ ರೈಲಿನಲ್ಲಿ ಹೋಗಿ ಬಂದೆ. ಇವನ್ನೆಲ್ಲ ಫೋನಿನಲ್ಲಿ ತುಂಡುತುಂಡಾಗಿ ಹೇಳಲು ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ. ಶಾಲೆ ಶುರುವಾಗಿದೆ, ಸಂಜೆ ಮಕ್ಕಳಿಗೆ ಅಭ್ಯಾಸ ಮಾಡಿಸಲು ತೊಡಗಿರುತ್ತೀಯ. ಬಿಡುವು ಸಿಕ್ಕಾಗ ನಿಧಾನವಾಗಿ ಓದು. ಅಮ್ಮನಿಗೂ ಓದಿ ಹೇಳು. ನಿನಗೆ ಗೊತ್ತಿರುವ ಕೆಲವು ಸಂಗತಿಗಳನ್ನು ಅವಳಿಗೋಸ್ಕರ ಬಿಡಿಸಿ ಬರೆದಿದ್ದೇನೆ.

ಯುರೋಪಿನ ಕ್ಲಬ್‌ಗಳಲ್ಲೇ ಶ್ರೇಷ್ಠ ಯಾವುದು ಎಂದು ತೀರ್ಮಾನಿಸುವ ಚಾಂಪಿಯನ್ಸ್ ಲೀಗ್‌ನ ಕೊನೆಯ ನಾಲ್ಕು ಪಂದ್ಯಗಳು 2010ರಿಂದ ಈ ಊರಿನಲ್ಲೇ ನಡೆಯುತ್ತಿವೆ. ಕೆಥೆಡ್ರಲ್ ದಾಟಿ, ರೈನ್ ನದಿಯ ಸೇತುವೆಯ ಮೇಲೆ ನಡೆದರೆ ಆಚೆ ದಡದಲ್ಲಿ ಲ್ಯಾಂಕ್ಸೆಸ್ ಅರೇನಾದ ದೊಡ್ಡ ಉಕ್ಕಿನ ಕಮಾನು ಕಾಣುತ್ತದೆ. ಒಳಗೆ ಸುಮಾರು 20 ಸಾವಿರ ಜನ ಕೂರಬಹುದು. ಅಷ್ಟು ಜನರ ನಡುವೆ 40 ಮೀಟರ್ ಉದ್ದ, 20 ಮೀಟರ್ ಅಗಲದ ಒಂದು ಅಂಕಣ. ಎರಡೂ ಕಡೆ ಏಳೇಳು ಆಟಗಾರರು, 30 ನಿಮಿಷದ ಎರಡು ಅವಧಿ. ಚೆಂಡು ಹಿಡಿದು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ, ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದು ನಿಲ್ಲುವಂತಿಲ್ಲ. ಗೋಲಿನ ಮುಂದಿನ ಆರು ಮೀಟರ್ ಗೆರೆಯೊಳಗೆ ಗೋಲ್‌ಕೀಪರ್ ಬಿಟ್ಟು ಯಾರೂ ಕಾಲಿಡುವಂತಿಲ್ಲ. ಅದಕ್ಕೇ ಆಟಗಾರರು ಗೆರೆಯ ಹೊರಗಿನಿಂದ ನೆಗೆದು, ಗಾಳಿಯಲ್ಲಿರುವಾಗಲೇ ಎಸೆಯುತ್ತಾರೆ. ಚೆಂಡು ಒಂದೇ ಕೈಯಲ್ಲಿ ಗಟ್ಟಿಯಾಗಿ ಕೂರಲಿ ಎಂದು ಬೆರಳಿಗೆ ರಾಳ ಹಚ್ಚಿಕೊಳ್ಳುತ್ತಾರೆ. ಹಲಸಿನ ಹಣ್ಣು ಬಿಡಿಸಿದ ಕೈಯ ಹಾಗೆ ಅಂಟು.

ಶನಿವಾರ ಮೊದಲ ಸೆಮಿಫೈನಲ್‌ನಲ್ಲಿ ಬರ್ಲಿನ್ನಿನ ಫ್ಯೂಕ್ಸೆ ತಂಡ ಫ್ರಾನ್ಸಿನ ನಾಂತ್ ವಿರುದ್ಧ 34–24ರಿಂದ ಗೆದ್ದಿತು. ಡೆನ್ಮಾರ್ಕಿನ ಮಥಿಯಾಸ್ ಗಿಡ್ಸೆಲ್ ಬರ್ಲಿನ್ ಪರ ಆಡುತ್ತಾನೆ. ಎದುರಿನ ಇಬ್ಬರ ಮಧ್ಯೆ ಒಂದು ಭುಜ ತೂರುವಷ್ಟು ಸಂದು ಕಂಡರೆ ಸಾಕು, ಅವನು ಆಚೆ ಇರುತ್ತಾನೆ. ಎರಡನೆಯ ಸೆಮಿಫೈನಲ್ ಮಾಗ್ಡೆಬುರ್ಗ್ ಮತ್ತು ಬಾರ್ಸಿಲೋನಾ ನಡುವೆ. ಬಾರ್ಸಿಲೋನಾ ಹಿಂದಿನ ವರ್ಷದ ಚಾಂಪಿಯನ್. ಆ ಪಂದ್ಯದಲ್ಲಿ ಅಂಕಪಟ್ಟಿಯ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ. ಒಂದೇ ಗೋಲಿನ ಅಂತರದಲ್ಲಿ, 31–30ರಿಂದ ಮಾಗ್ಡೆಬುರ್ಗ್ ಗೆದ್ದಾಗ ನನ್ನ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಕೆಂಪು ಹಸಿರು ಶಾಲನ್ನು ಮುಖಕ್ಕೊತ್ತಿಕೊಂಡು ಅತ್ತರು. ಭಾನುವಾರದ ಫೈನಲ್‌ನಲ್ಲಿ ಅದೇ ಮಾಗ್ಡೆಬುರ್ಗ್ ಬರ್ಲಿನ್ನನ್ನು 32–26ರಿಂದ ಮಣಿಸಿ ಕಪ್ ಎತ್ತಿತು.

ಮಾಗ್ಡೆಬುರ್ಗ್ ಹಳೆಯ ಪೂರ್ವ ಜರ್ಮನಿಯ ಊರು. ಅಲ್ಲಿನ ಕೋಚ್ ಬೆನೆಟ್ ವೀಗೆರ್ಟ್ ಆ ಊರಲ್ಲೇ ಹುಟ್ಟಿದವನು. ಅವನ ತಂದೆ ಇಂಗೋಲ್ಫ್ ವೀಗೆರ್ಟ್ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಪೂರ್ವ ಜರ್ಮನಿ ತಂಡದಲ್ಲಿದ್ದವರು. 1981ರಲ್ಲಿ ಮಾಗ್ಡೆಬುರ್ಗ್ ಯುರೋಪಿಯನ್ ಕಪ್ ಗೆದ್ದಾಗಲೂ ಆಡಿದವರು. ಮಗ 2002ರಲ್ಲಿ ಆಟಗಾರನಾಗಿ ಅದೇ ಕಪ್ ಗೆದ್ದ; 2023ರಲ್ಲೂ ಈ ವರ್ಷವೂ ಕೋಚ್ ಆಗಿ ಗೆಲ್ಲಿಸಿದ. 2023ರ ಸೆಮಿಫೈನಲ್‌ನಲ್ಲಿ ಐಸ್‌ಲ್ಯಾಂಡಿನ ಗಿಸ್ಲಿ ಕ್ರಿಸ್ತ್ಯಾನ್ಸನ್ ಭುಜದ ಕೀಲು ತಪ್ಪಿ ಹೊರಬಂದವನು ಮರುದಿನ ಫೈನಲ್ ಆಡಿ, ಆ ಕೂಟದ ಶ್ರೇಷ್ಠ ಆಟಗಾರನಾದ. ಶಾಲು ಹೊದ್ದ ಆ ಹೆಂಗಸು ಇದನ್ನೆಲ್ಲ ತಮ್ಮ ಮನೆಯ ಸುದ್ದಿಯಂತೆ ಹೇಳಿದರು. ಆಗ ನನಗೆ ಗೆಲುವಿಗಿಂತ ಹೆಚ್ಚಾಗಿ ಆ ಊರಿಗೂ ಕ್ಲಬ್‌ಗೂ ಇರುವ ನಂಟಿನ ಮೇಲೆ ಮನಸ್ಸು ಹೋಯಿತು.

ಸೋತವರ ಕಥೆ ಕೇಳು. ಹಂಗೇರಿಯ ವೆಸ್‌ಪ್ರೇಮ್ ನಮ್ಮ ಚಿಕ್ಕಬಳ್ಳಾಪುರಕ್ಕಿಂತ ದೊಡ್ಡ ಊರಲ್ಲ. 2016ರಲ್ಲಿ ಇದೇ ಅರೇನಾದಲ್ಲಿ ಫೈನಲ್ ಆಡಿ, ಪೋಲೆಂಡಿನ ಕಿಯೆಲ್ಸೆ ಎದುರು 28–19ರಿಂದ ಮುಂದಿತ್ತು. ಉಳಿದಿದ್ದು ಕಾಲು ಗಂಟೆಗಿಂತ ಕಡಿಮೆ. ಅಲ್ಲಿಂದ ಕಿಯೆಲ್ಸೆ ಒಂದೊಂದೇ ಗೋಲು ಕೂಡಿಸಿ 29–29ಕ್ಕೆ ತಂದು, ಹೆಚ್ಚುವರಿ ಸಮಯದಲ್ಲಿ 35–35 ಮಾಡಿ, ಕೊನೆಗೆ ಪೆನಾಲ್ಟಿಯಂಥ ಏಳು ಮೀಟರ್ ಎಸೆತಗಳಲ್ಲಿ 39–38ರಿಂದ ಗೆದ್ದಿತು. ವೆಸ್‌ಪ್ರೇಮ್ 2002, 2015, 2016, 2019 ಹೀಗೆ ನಾಲ್ಕು ಫೈನಲ್ ಸೋತಿದೆ, ಒಮ್ಮೆಯೂ ಕಪ್ ಮುಟ್ಟಿಲ್ಲ. ಆದರೂ ಈ ವರ್ಷ ಮತ್ತೆ ಕ್ವಾರ್ಟರ್‌ಫೈನಲ್‌ವರೆಗೆ ಬಂದು ಮಾಗ್ಡೆಬುರ್ಗಿಗೆ ಸವಾಲಾಯಿತು. ಅಷ್ಟು ಸಲ ಸೋತ ಮೇಲೂ ಆ ಊರಿನವರು ಬಾಗಿಲು ಹಾಕಲಿಲ್ಲ. ಇದು ಹೇಗೆ ಸಾಧ್ಯ ಎಂದು ಯೋಚಿಸಿದಾಗ ನನಗೆ ನಿನ್ನ ಶಾಲೆಯ ಹ್ಯಾಂಡ್‌ಬಾಲ್ ತಂಡದ ಹುಡುಗಿಯರ ನೆನಪು ಬಂತು.

ಒಂದು ವರ್ಷ ಅವರು ಮಳೆಗಾಲ ಪೂರ್ತಿ ಕೆಮ್ಮಣ್ಣಿನ ಅಂಗಳದಲ್ಲಿ ಅಭ್ಯಾಸ ಮಾಡಿದ್ದರು. ಬೆಳಿಗ್ಗೆ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ಮನೆಗೆಲಸ ಮುಗಿಸಿ ಬಂದವರೂ ಅವರಲ್ಲಿದ್ದರು. ಶಾಲಾ ಕ್ರೀಡಾಕೂಟದ ಮೊದಲ ಪಂದ್ಯದಲ್ಲೇ ಎರಡು ಗೋಲುಗಳಿಂದ ಸೋತರು. ಮಧ್ಯಾಹ್ನದ ಊಟದ ಹೊತ್ತಿಗೆ ಬಸ್ಸು ಹತ್ತಿದರು. ಆ ವರ್ಷಕ್ಕೆ ಅಲ್ಲಿಗೆ ಮುಗಿಯಿತು. ಮರುವರ್ಷ ಅವರಲ್ಲಿ ಹೆಚ್ಚಿನವರು ಹತ್ತನೇ ತರಗತಿ ದಾಟಿ ಹೋಗಿದ್ದರು. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಸೋತ ತಂಡಕ್ಕೆ ಎರಡನೆಯ ಪಂದ್ಯವೇ ಇಲ್ಲ. ತಪ್ಪು ತಿದ್ದಿಕೊಳ್ಳಲು ಮತ್ತೊಂದು ಆಟ ಸಿಗದಿದ್ದರೆ ಮಗು ಕಲಿಯುವುದು ಹೇಗೆ?

ಇಲ್ಲಿಯ ನಾಕೌಟ್ ಹಾಗಿಲ್ಲ. ಸೋತರೆ ಮನೆಗೆ ಎಂಬ ಹಂತ ಬರುವ ಮೊದಲು ತಂಡಗಳು ತಿಂಗಳುಗಟ್ಟಲೆ ಆಡಿರುತ್ತವೆ. ಈ ವರ್ಷದ ಚಾಂಪಿಯನ್ಸ್ ಲೀಗ್‌ನಲ್ಲಿ ಒಟ್ಟು 16 ತಂಡ, ಎಂಟೆಂಟರ ಎರಡು ಗುಂಪು. ಗುಂಪಿನೊಳಗೆ ಪ್ರತಿ ತಂಡವೂ ಉಳಿದ ಏಳನ್ನೂ ಒಮ್ಮೆ ತನ್ನೂರಲ್ಲಿ, ಒಮ್ಮೆ ಅವರೂರಲ್ಲಿ ಎದುರಿಸುತ್ತದೆ. ಅಂದರೆ ಎಲ್ಲರಿಗಿಂತ ಕೆಳಗಿರುವ ತಂಡಕ್ಕೂ 14 ಪಂದ್ಯ ಖಚಿತ. ಗುಂಪಿನ ಮೊದಲ ಎರಡು ತಂಡ ನೇರವಾಗಿ ಕ್ವಾರ್ಟರ್‌ಫೈನಲ್‌ಗೆ ಹೋಗುತ್ತವೆ. ಮೂರರಿಂದ ಆರನೆಯ ಸ್ಥಾನದವು ಪ್ಲೇ ಆಫ್ ಆಡುತ್ತವೆ. ಪ್ಲೇ ಆಫ್‌ನಲ್ಲೂ ಕ್ವಾರ್ಟರ್‌ಫೈನಲ್‌ನಲ್ಲೂ ಎರಡೆರಡು ಪಂದ್ಯ, ಊರಿಗೊಂದು. ಎರಡರ ಗೋಲುಗಳನ್ನು ಕೂಡಿ ತೀರ್ಮಾನ. ಸಮವಾದರೆ ಏಳು ಮೀಟರ್ ಎಸೆತ. 2024ರಲ್ಲಿ ಮಾಗ್ಡೆಬುರ್ಗ್ ಕಿಯೆಲ್ಸೆಯನ್ನು ದಾಟಿದ್ದು ಹಾಗೆಯೇ. ಕಲೋನಿಗೆ ಬಂದ ಮೇಲೆ ಮಾತ್ರ ಒಂದೇ ಪಂದ್ಯದ ತೀರ್ಪು. ಅಲ್ಲೂ ಶನಿವಾರ ಸೋತವರು ಭಾನುವಾರ ಮೂರನೆಯ ಸ್ಥಾನಕ್ಕಾಗಿ ಆಡಲೇಬೇಕು. ಬಾರ್ಸಿಲೋನಾದ ಆಟಗಾರರು ಹಿಂದಿನ ರಾತ್ರಿಯ ನೋವು ನುಂಗಿಕೊಂಡು ಅಂಕಣಕ್ಕಿಳಿದಾಗ, ಅವರನ್ನು ಸೋಲಿಸಿದ ಮಾಗ್ಡೆಬುರ್ಗಿನ ಬೆಂಬಲಿಗರೂ ಚಪ್ಪಾಳೆ ತಟ್ಟಿದರು.

ಇನ್ನು ಗುಮ್ಮರ್ಸ್‌ಬಾಖ್. ಕಲೋನಿನಿಂದ ಪೂರ್ವಕ್ಕೆ, ಹಸಿರು ಗುಡ್ಡಗಳ ನಡುವೆ ಒಂದು ಗಂಟೆಗಿಂತ ತುಸು ಹೆಚ್ಚಿನ ರೈಲು ಪ್ರಯಾಣ. ಜನಸಂಖ್ಯೆ ಸುಮಾರು 50 ಸಾವಿರ. 2011ರ ಜನಗಣತಿಯಲ್ಲಿ ನಮ್ಮ ಶಿಡ್ಲಘಟ್ಟದ್ದು 51 ಸಾವಿರ. ಚಿಂತಾಮಣಿ ಇದಕ್ಕಿಂತ ಬಹಳ ದೊಡ್ಡದು, ಆಗಲೇ 76 ಸಾವಿರ. ಈ ಗುಮ್ಮರ್ಸ್‌ಬಾಖ್‌ನ ಕ್ಲಬ್ 1967, 1970, 1971, 1974, 1983ರಲ್ಲಿ ಯುರೋಪಿನ ಚಾಂಪಿಯನ್ ಆಗಿತ್ತು ಅಣ್ಣ! ಐದು ಸಲ! ಇಲ್ಲೇ ಹುಟ್ಟಿ, ಇದೇ ಕ್ಲಬ್‌ಗೆ ಆಡಿದ ಹೈನರ್ ಬ್ರಾಂಡ್ 1978ರಲ್ಲಿ ಆಟಗಾರನಾಗಿ, 2007ರಲ್ಲಿ ಕೋಚ್ ಆಗಿ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟವನು.

ಹಿಂದೆ ಈ ಊರಿಗೆ ಅನ್ನ ಕೊಡುತ್ತಿದ್ದುದು ಸ್ಟೈನ್‌ಮ್ಯೂಲರ್ ಎಂಬ ಬಾಯ್ಲರ್ ಕಾರ್ಖಾನೆ. ಕಾರ್ಖಾನೆ ಮುಚ್ಚಿತು. ಊರಿನ ನಟ್ಟನಡುವೆ ಬರಿದಾದ ಆ ಜಾಗದಲ್ಲಿ ಈಗ ತಾಂತ್ರಿಕ ಕಾಲೇಜಿನ ಆವರಣವಿದೆ, ಅಂಗಡಿಗಳಿವೆ, 2013ರಲ್ಲಿ ತೆರೆದ ಶ್ವಾಲ್ಬೆ ಅರೇನಾ ಇದೆ. ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಆಸನ. ಊರಿನ ಹನ್ನೆರಡು ಮಂದಿಗೊಂದು ಕುರ್ಚಿ ಅಂದಂತಾಯಿತು. 2019ರಲ್ಲಿ ಈ ಕ್ಲಬ್ ಮೊದಲ ದರ್ಜೆಯಿಂದ ಕೆಳಗಿಳಿಯಿತು. ಹಳೆಯ ಕಪ್‌ಗಳ ನೆನಪಲ್ಲಿ ಕೂರದೆ, ಎರಡನೆಯ ದರ್ಜೆಯಲ್ಲಿ ಆಡುತ್ತಾ ಆಡುತ್ತಾ 2022ರಲ್ಲಿ ಮತ್ತೆ ಮೇಲೆ ಬಂತು. ಕೆಳಗಿಳಿದರೂ ಆಡಲು ಪಂದ್ಯಗಳಿದ್ದವು. ಅದಕ್ಕೇ ಮೇಲೆ ಬರಲು ದಾರಿಯೂ ಇತ್ತು.

ನಾನು ಈ ಪತ್ರ ಬರೆಯಲು ಕಾರಣ ಇದೇ. ಈ ಆಟಕ್ಕೆ ಮಹಾನಗರ ಬೇಕಿಲ್ಲ. ಒಂದು ಅಂಕಣ ಬೇಕು, ನಮ್ಮದು ಎನ್ನುವ ಊರು ಬೇಕು, ಸೋತ ಮೇಲೂ ಮುಂದಿನ ವಾರ ಇನ್ನೊಂದು ಪಂದ್ಯ ಬೇಕು. ಮೊದಲನೆಯದು ನಮ್ಮಲ್ಲಿದೆ. ಶಿಡ್ಲಘಟ್ಟದಲ್ಲಿ ನೆಹರು ಕ್ರೀಡಾಂಗಣ, ಚಿಂತಾಮಣಿಯಲ್ಲಿ ಝಾನ್ಸಿ ಕ್ರೀಡಾಂಗಣ, ಗೌರಿಬಿದನೂರಿನಲ್ಲಿ ನೇತಾಜಿ ಕ್ರೀಡಾಂಗಣ, ಚಿಕ್ಕಬಳ್ಳಾಪುರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ. 40 ಮೀಟರ್ ಉದ್ದದ ಸಮತಟ್ಟು ನೆಲಕ್ಕೆ ಸುಣ್ಣದ ಗೆರೆ ಎಳೆಯಲು ಯಾವ ಊರಿಗೂ ಕಷ್ಟವಿಲ್ಲ. ಎರಡನೆಯದೂ ಇದೆ: ಕಬಡ್ಡಿ, ವಾಲಿಬಾಲ್ ಅಂದರೆ ರಾತ್ರಿಯಿಡೀ ದೀಪದಡಿ ನಿಂತು ನೋಡುವ ಜನ ನಮ್ಮವರು. ಇಲ್ಲದಿರುವುದು ಮೂರನೆಯದು.

ಹಾಗಾಗಿ ಒಂದು ಯೋಚನೆ. ನಾಲ್ಕು ಊರು, ನಾಲ್ಕು ತಂಡ. ಪ್ರತಿ ತಂಡವೂ ಉಳಿದ ಮೂರನ್ನು ಒಮ್ಮೆ ತನ್ನೂರಲ್ಲಿ, ಒಮ್ಮೆ ಅವರೂರಲ್ಲಿ ಎದುರಿಸಲಿ. ತಂಡಕ್ಕೆ ಆರು ಪಂದ್ಯ, ಒಟ್ಟು 12. ಶನಿವಾರಕ್ಕೆರಡರಂತೆ ಆಡಿದರೆ ಆರು ವಾರದ ಕೆಲಸ. ಆಮೇಲೆ ನಾಲ್ಕೂ ತಂಡ ಚಿಕ್ಕಬಳ್ಳಾಪುರದಲ್ಲಿ ಸೇರಿ, ಎರಡು ದಿನದಲ್ಲಿ ಸೆಮಿಫೈನಲ್, ಮೂರನೆಯ ಸ್ಥಾನದ ಪಂದ್ಯ, ಫೈನಲ್. ಎಲ್ಲಕ್ಕಿಂತ ಹಿಂದುಳಿದ ತಂಡಕ್ಕೂ ಎಂಟು ಪಂದ್ಯ ಸಿಗುತ್ತದೆ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಒಂದೇ ರೈಲು ಹಳಿಯ ಮೇಲಿವೆ. ಗೌರಿಬಿದನೂರಿಗೆ ಮಾತ್ರ ಬಸ್ಸು ಬೇಕು, ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಷ್ಟು ದೂರ. ಬಂದ ತಂಡಕ್ಕೆ ಊಟ ಆತಿಥೇಯ ಊರಿನದು. ಅವರೆಕಾಯಿ ಕಾಲದಲ್ಲಿ ಆಡಿಸಿದರೆ ಮುದ್ದೆಗೆ ಹಿತಕಿದ ಬೇಳೆ ಸಾರು ಹಾಕಿ ಕಳಿಸಬಹುದು.

ಇದು ಆಗದ ಮಾತು ಎಂದು ಯಾರಾದರೂ ಅಂದರೆ ಎಚ್. ನರಸಿಂಹಯ್ಯನವರ ಹೆಸರು ಹೇಳು. ಗೌರಿಬಿದನೂರು ಪಕ್ಕದ ಹೊಸೂರಿನಲ್ಲಿ ಹುಟ್ಟಿ, ಓದಲು ಬೆಂಗಳೂರಿಗೆ ನಡೆದೇ ಹೋದವರು. ಕುಲಪತಿಯಾದರು, ಆದರೆ ಕಾಲೇಜು ಬೆಂಗಳೂರಿನವರಿಗೆ ಮಾತ್ರ ಎಂದು ಒಪ್ಪಿಕೊಳ್ಳಲಿಲ್ಲ. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ತಂದರು. ಆಟದಲ್ಲೂ ಅಂಥ ಹಟದವರು ಬೇಕು. 2023ರಲ್ಲಿ ಜೈಪುರದಲ್ಲಿ ದೇಶದ ಮೊದಲ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್ ನಡೆದಾಗ ಆಡಿದ ಆರು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಮೇಲಿನಿಂದ ತಂಡ ಇಳಿದು ಬರುವುದನ್ನು ಕಾಯುತ್ತಾ ಕೂತರೆ ನಿನ್ನ ಹುಡುಗಿಯರು ಮತ್ತೆ ಹತ್ತನೇ ತರಗತಿ ದಾಟಿ ಹೋಗಿರುತ್ತಾರೆ.

ಹುಡುಗಿಯರಿಂದಲೇ ಶುರು ಮಾಡು. ಮಹಿಳೆಯರ ಚಾಂಪಿಯನ್ಸ್ ಲೀಗ್‌ನ ಕೊನೆಯ ಪಂದ್ಯಗಳು ಬುಡಾಪೆಸ್ಟ್‌ನಲ್ಲಿ ನಡೆಯುತ್ತವೆ. ಹಂಗೇರಿಯದೇ ಇನ್ನೊಂದು ಊರು, ಗ್ಯೋರ್, ಕಳೆದ ವರ್ಷವೂ ಈ ವರ್ಷವೂ ಅಲ್ಲಿ ಗೆದ್ದಿದೆ. ಆ ಪಂದ್ಯಗಳ ವಿಡಿಯೊ ಕಳಿಸುತ್ತೇನೆ, ಮಕ್ಕಳಿಗೆ ತೋರಿಸು.

ನನ್ನ ಕೈಯಲ್ಲಿ ಆಗುವುದನ್ನೂ ಹೇಳಿಬಿಡುತ್ತೇನೆ. ಹುಡುಗಿಯರ ಅಳತೆಯ ಒಳ್ಳೆಯ ಚೆಂಡುಗಳನ್ನು ಇಲ್ಲಿಂದಲೇ ತರುತ್ತೇನೆ, ನಾಲ್ಕು ಊರಿಗೂ ಆಗುವಷ್ಟು. ಮೊದಲ ವರ್ಷದ ಬಸ್ಸಿನ ಖರ್ಚಿನಲ್ಲಿ ಅರ್ಧ ನನ್ನದು. ಚಿಂತಾಮಣಿ, ಗೌರಿಬಿದನೂರಿನ ನಿನ್ನ ದೈಹಿಕ ಶಿಕ್ಷಕ ಗೆಳೆಯರೊಡನೆ ಈ ವಾರವೇ ಮಾತಾಡು. ಶಾಲಾ ಕ್ರೀಡಾಕೂಟಗಳು ಮುಗಿದ ಮೇಲೆ, ಪರೀಕ್ಷೆ ಬಿಸಿ ಏರುವ ಮೊದಲು ಯಾವ ಆರು ಶನಿವಾರ ಸಿಗುತ್ತವೆ ಎಂದು ಕ್ಯಾಲೆಂಡರ್ ನೋಡಿ ಗುರುತು ಹಾಕು. ಮೊದಲ ಪಂದ್ಯ ನೆಹರು ಕ್ರೀಡಾಂಗಣದಲ್ಲಿ ಆಗಲಿ, ಎದುರಾಳಿ ಚಿಂತಾಮಣಿ. ದಿನಾಂಕ ತಿಳಿಸು, ರಜೆ ಅದಕ್ಕೆ ಹೊಂದಿಸಿಕೊಳ್ಳುತ್ತೇನೆ.

ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು.

ನಿನ್ನ ಪ್ರೀತಿಯ
ತಂಗಿ